‘ಹಿಮ್ಮುಖ ರಕ್ಷಣೆ’ ಎಂದರೆ ಯಾವ ರಕ್ಷಣೆ?

ಸೋಲಾರ್ ಬೇಲಿಯ ಎನರ್ಜೈಸರ್‌ಗೆ (ತಂತಿಗೆ ಶಾಕ್ ಕೊಡುವ ಪೆಟ್ಟಿಗೆಗೆ) ಕನ್ನಡದಲ್ಲಿ ಕೈಪಿಡಿ ಬರೆಯುವಾಗ ಎದ್ದ ಪ್ರಶ್ನೆ ಇದು. ‘ರಿವರ್ಸ್ ಪೊಲಾರಿಟಿ’, ‘ರಿವರ್ಸ್ ಕರೆಂಟ್’ ಎರಡಕ್ಕೂ ‘ಹಿಮ್ಮುಖ ರಕ್ಷಣೆ’ ಎಂದೇ ಬರೆದರೆ ನಡೆದೀತೇ? ನಡೆಯದು ಎಂಬುದು ನನ್ನ ವಾದ.

ಮೊದಲನೆಯದು ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲಾಗುವುದು. ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟದಲ್ಲಿ ಮಳೆಗಾಲಕ್ಕೆ ಪ್ಯಾನೆಲ್ಲಿಗೆ ಬಿಸಿಲು ಸಾಲದು. 12 ವೋಲ್ಟಿನ ಬ್ಯಾಟರಿಯನ್ನು ಬಿಚ್ಚಿ ಚಾರ್ಜಿಗೆ ಒಯ್ದು ಮತ್ತೆ ಕೂರಿಸುವಾಗ ಕ್ಲಿಪ್ಪು ಉಲ್ಟಾ ಬೀಳುತ್ತದೆ. ಕಿಲುಬು ಹತ್ತಿದ ಟರ್ಮಿನಲ್ಲಿನಲ್ಲಿ ಕೆಂಪು ಯಾವುದು, ಕಪ್ಪು ಯಾವುದು? ಆಗ ಸ್ವಿಚಿಂಗ್ ಮಾಸ್‌ಫೆಟ್‌ನ (ಎಲೆಕ್ಟ್ರಾನಿಕ್ ಸ್ವಿಚ್ಚಿನ) ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡೇ ದಾರಿ ಬಿಟ್ಟುಕೊಡುತ್ತದೆ. ಟ್ರಾನ್ಸ್‌ಫಾರ್ಮರ್ ಸುರುಳಿಯ ಅಲ್ಪ ರೋಧ ಬಿಟ್ಟರೆ ಬೇರೆ ತಡೆಯಿಲ್ಲ, ಮಾಸ್‌ಫೆಟ್ ಸುಟ್ಟೇಹೋಗುತ್ತದೆ.

ಎರಡನೆಯದು ರಾತ್ರಿ ಬ್ಯಾಟರಿಯಿಂದ ಪ್ಯಾನೆಲ್ಲಿಗೆ ಕರೆಂಟು ಹಿಂದಕ್ಕೆ ಹರಿಯುವುದು.

ಆಯಾ ದಾರಿಯ ಸಾಲಿನಲ್ಲಿ ಹಾಕಿದ ಡಯೋಡು ಎರಡನ್ನೂ ತಡೆಯುತ್ತದೆ. ಆದರೆ ನಷ್ಟ ಕಡಿಮೆಯಿರುವ 1ಎನ್5822 ಶಾಟ್ಕಿ ಡಯೋಡು ಹಾಕಿದರೂ 3 ಆಂಪಿಯರಿಗೆ ಸುಮಾರು ಅರ್ಧ ವೋಲ್ಟು ನಷ್ಟ, ಒಂದೂವರೆ ವ್ಯಾಟ್ ಬಿಸಿ. ಹಾಗಾಗಿ ಪಿ-ಚಾನೆಲ್ ಮಾಸ್‌ಫೆಟ್ ಹಾಕುತ್ತಾರೆ: ಐಆರ್‌ಎಫ್9540ಎನ್‌ನಲ್ಲಿ 2 ಆಂಪಿಯರಿಗೆ ನಷ್ಟ ಕಾಲು ವೋಲ್ಟಿನಷ್ಟು. ಅದರ ಮೂರು ಕಾಲುಗಳಲ್ಲಿ ಡ್ರೈನ್ ಬ್ಯಾಟರಿಯ ಪ್ಲಸ್ಸಿಗೆ, ಸೋರ್ಸ್ ಸರ್ಕ್ಯೂಟಿಗೆ, ಗೇಟು 100 ಕಿಲೋಓಮಿನ ಮೂಲಕ ಮೈನಸ್ಸಿಗೆ. ಗೇಟು-ಸೋರ್ಸ್ ನಡುವೆ 12 ವೋಲ್ಟಿನ ಜೆನರ್ (ವೋಲ್ಟೇಜು ಮಿತಿ ಮೀರದಂತೆ ತಡೆಯುವ ಡಯೋಡು), ಅದರ ಪಟ್ಟಿಯಿರುವ ತುದಿ ಸೋರ್ಸಿಗೆ. ಗೇಟು ತಾಳುವುದು 20 ವೋಲ್ಟು; ಬ್ಯಾಟರಿ ಬಿಚ್ಚಿದಾಗ ಪ್ಯಾನೆಲ್ ಅದನ್ನೂ ಮೀರಬಹುದು. ಡ್ರೈನ್-ಸೋರ್ಸ್ ತಿರುಗಿಸಿ ಹಾಕಿದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ, ಬ್ಯಾಟರಿ ಉಲ್ಟಾ ಆದ ದಿನ ಮಾತ್ರ ಒಳಡಯೋಡು ಕೈಕೊಡುತ್ತದೆ. ಪರೀಕ್ಷೆಗೆ ಬೆಂಚ್ ಸಪ್ಲೈಯನ್ನು 100 ಮಿಲಿಆಂಪಿಯರಿಗೆ ಮಿತಿಗೊಳಿಸಿ, ಉಲ್ಟಾ ಕೊಟ್ಟು ನೋಡಬೇಕು.

ಈ ಮಾಸ್‌ಫೆಟ್ ಒಮ್ಮೆ ತೆರೆದರೆ ಕರೆಂಟು ಎರಡೂ ದಿಕ್ಕಿಗೆ ಹರಿಯುತ್ತದೆ. ಅಂದರೆ ಮೊದಲನೆಯ ರಕ್ಷಣೆ ಉಂಟು, ಎರಡನೆಯದು ಇಲ್ಲ. ‘ಹಿಮ್ಮುಖ ರಕ್ಷಣೆ ಇದೆ’ ಎಂಬ ಸಾಲನ್ನು ನಂಬಿ ಪ್ಯಾನೆಲ್ಲಿನ ಡಯೋಡು ಕಿತ್ತವನಿಗೆ ಬೆಳಗ್ಗೆ ಬ್ಯಾಟರಿ ಇಳಿದಿರುತ್ತದೆ.

ಮೊದಲನೆಯದಕ್ಕೆ ‘ಉಲ್ಟಾ ಜೋಡಣೆ ತಡೆ’, ಎರಡನೆಯದಕ್ಕೆ ‘ಹಿಂಹರಿವು ತಡೆ’ ಎನ್ನಬಹುದೇ? ‘ಧ್ರುವತಾ ವಿಪರ್ಯಯ’ ಪಾಠಪುಸ್ತಕಕ್ಕೆ ಸರಿ, ಬೇಲಿ ನೋಡಿಕೊಳ್ಳುವವರ ಕೈಯಲ್ಲಿರುವ ಹಾಳೆಗಲ್ಲ. ಕೈಪಿಡಿಯಲ್ಲಿ ‘ಉಲ್ಟಾ’ ಹಗುರವಾಯಿತು ಎನ್ನುವವರು ಅಷ್ಟೇ ಬೇಗ ಅರ್ಥವಾಗುವ ಬೇರೆ ಪದ ಸೂಚಿಸಿ.