ಹಳೇ ಜೀಪಿನ ವೋಲ್ಟ್ ಮೀಟರ್ ರಾತ್ರಿ ಹೊತ್ತು 12ಕ್ಕೆ ಇಳಿಯುತ್ತೆ: ಆಲ್ಟರ್ನೇಟರಾ, ವೈರಿಂಗಾ?

ಕ್ಯಾತ್ಸಂದ್ರ_ಡೀಸೆಲ್
ತೊಂಬತ್ತರ ದಶಕದ ಡೀಸೆಲ್ ಜೀಪು, 12 ವೋಲ್ಟ್. ಡ್ಯಾಶ್‌ಬೋರ್ಡಿನ ವೋಲ್ಟ್ ಮೀಟರ್ ಮುಳ್ಳು ಹಗಲು 13ರ ಮೇಲೆ ನಿಲ್ಲುತ್ತೆ. ರಾತ್ರಿ ಹೆಡ್‌ಲೈಟ್, ಬ್ಲೋವರ್ ಹಾಕಿದರೆ 12ಕ್ಕೆ ಬರುತ್ತೆ, ಇಂಡಿಕೇಟರ್ ಮಿನುಗಿದ ಹಾಗೆಲ್ಲ ಮುಳ್ಳೂ ಅಲ್ಲಾಡುತ್ತೆ. ಬೆಳಿಗ್ಗೆ ಸೆಲ್ಫ್ ಮಾತ್ರ ಒಂದೇ ಸಲಕ್ಕೆ ತಗೊಳ್ಳುತ್ತೆ. ಗ್ಯಾರೇಜಿನವರು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಜನರೇಟರ್) ಬಿಚ್ಚಬೇಕು ಅಂತಾರೆ. ಮಲ್ಟಿಮೀಟರ್ ಇದೆ. ಎಲ್ಲೆಲ್ಲಿ ಇಟ್ಟು ನೋಡಬೇಕು?

ಚಿಂತಾಮಣಿ_ವೈರಿಂಗ್
ಈಗಲೇ ಬಿಚ್ಚಿಸಬೇಡಿ ಸರ್. ಸೆಲ್ಫ್ ಸಲೀಸಾಗಿ ತಿರುಗ್ತಿದೆ ಅಂದರೆ ಬ್ಯಾಟರಿಗೆ ಚಾರ್ಜ್ ಹೋಗ್ತಿರೋ ಸಾಧ್ಯತೆಯೇ ಹೆಚ್ಚು. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸೋದು ಬ್ಯಾಟರಿಯ ವೋಲ್ಟೇಜ್ ಅಲ್ಲ, ಮೀಟರಿನ ಹಿಂದಿರೋ ಎರಡು ಟರ್ಮಿನಲ್‌ಗೆ ಬಂದು ಮುಟ್ಟಿದ ವೋಲ್ಟೇಜ್. ಅಲ್ಲಿಗೆ ಬರೋಷ್ಟರಲ್ಲಿ ಇಗ್ನಿಷನ್ ಸ್ವಿಚ್, ಫ್ಯೂಸ್ ಬಾಕ್ಸ್, ಒಂದಷ್ಟು ಕನೆಕ್ಟರ್ ದಾಟಬೇಕು. ಇಷ್ಟು ಹಳೇ ಗಾಡಿಯಲ್ಲಿ ಅವಕ್ಕೆಲ್ಲ ಕಿಲುಬು ಹಿಡಿದಿರುತ್ತೆ.

ಮಲ್ಟಿಮೀಟರ್ ಡಿಸಿ 20 ವೋಲ್ಟಿಗೆ ಇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬ್ಯಾಟರಿಯ ಸೀಸದ ಕಂಬದ ಮೇಲೇ ಪ್ರೋಬ್ ಒತ್ತಿ, ಕ್ಲಾಂಪ್ ಮೇಲೆ ಬೇಡ. 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಸ್ಟಾರ್ಟ್ ಮಾಡಿ 1500ರಿಂದ 2000 ಆರ್‌ಪಿಎಂಗೆ ಏರಿಸಿದಾಗ 13.8ರಿಂದ 14.4 ಬರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದ ಮೇಲೂ 13.5ಕ್ಕಿಂತ ಮೇಲೇ ನಿಂತರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡ್ತಿದೆ.

ಇನ್ನು ಮುಖ್ಯವಾದ ಪರೀಕ್ಷೆ. ಲೈಟು, ಬ್ಲೋವರ್ ಉರಿಯುತ್ತಲೇ ಇರಲಿ. ಉದ್ದ ವೈರ್ ಸೇರಿಸಿ ಕೆಂಪು ಪ್ರೋಬ್ ಬ್ಯಾಟರಿ ಪ್ಲಸ್‌ಗೆ, ಕಪ್ಪು ಪ್ರೋಬ್ ವೋಲ್ಟ್ ಮೀಟರಿನ ಪ್ಲಸ್‌ಗೆ ಇಡಿ. ಬರೋ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.5 ದಾಟಿದರೆ ಇಗ್ನಿಷನ್ ಸ್ವಿಚ್ಚಿನ ಎರಡು ಕಡೆ, ಫ್ಯೂಸಿನ ಎರಡು ತುದಿ, ಕನೆಕ್ಟರಿನ ಆಚೆ ಈಚೆ, ಹೀಗೆ ತುಂಡು ತುಂಡಾಗಿ ಅಳೆಯಿರಿ. ಒಂದು ಜೋಡಣೆಯಲ್ಲಿ 0.1ಕ್ಕಿಂತ ಹೆಚ್ಚು ಹೋಗಬಾರದು. ಮೀಟರಿನ ಅರ್ಥ್‌ನಿಂದ ಬ್ಯಾಟರಿ ಮೈನಸ್‌ವರೆಗೂ ಹೀಗೇ ನೋಡಿ.

ಲೋಡ್ ಇಲ್ಲದೆ ಅಳೆದರೆ ಏನೂ ಗೊತ್ತಾಗಲ್ಲ. ಕರೆಂಟ್ ಹರಿದಾಗಷ್ಟೇ ಕಿಲುಬು ವೋಲ್ಟೇಜ್ ತಿನ್ನೋದು. ನಿಮ್ಮ ಮುಳ್ಳು ಹಗಲು ಸರಿಯಾಗಿದ್ದು ರಾತ್ರಿ ಇಳಿಯೋದಕ್ಕೂ ಇಂಡಿಕೇಟರ್ ಜೊತೆ ಅಲ್ಲಾಡೋದಕ್ಕೂ ಇದೇ ಕಾರಣ ಇರಬೇಕು: 21 ವ್ಯಾಟಿನ ಎರಡು ಬಲ್ಬು ಹೊತ್ತಿದಾಗಲೆಲ್ಲ ಅದೇ ದಾರಿಯಲ್ಲಿ 3.5 ಆಂಪಿಯರ್ ಹೆಚ್ಚಿಗೆ ಹರಿಯುತ್ತೆ.

ಕೋಲಾರ_ಆಟೋ_ಎಲೆಕ್ಟ್ರಿಕ್
ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಆಲ್ಟರ್ನೇಟರಿನ ಹೊರಗಡೆ ಕೂರಿಸಿದ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡೋ ಸಾಧನ) ಇರುತ್ತೆ, ಅದು ವೋಲ್ಟೇಜ್ ನೋಡೋದು ಇಗ್ನಿಷನ್ ಲೈನಿನಿಂದಲೇ. ಆ ಲೈನಿನಲ್ಲಿ 1 ವೋಲ್ಟ್ ಕಳೆದರೆ ರೆಗ್ಯುಲೇಟರ್ ಕಡಿಮೆ ಇದೆ ಅಂದುಕೊಂಡು ಚಾರ್ಜ್ ಏರಿಸುತ್ತೆ. ಮೀಟರಿನಲ್ಲಿ 14, ಬ್ಯಾಟರಿಯಲ್ಲಿ 15ರ ಮೇಲೆ. ಬ್ಯಾಟರಿ ನೀರು ಬೇಗ ಬೇಗ ಕಡಿಮೆಯಾಗೋದು, ಬಲ್ಬು ಪದೇಪದೇ ಸುಡೋದು ಅದರ ಗುರುತು. ನೀರು ತುಂಬಿಸುವಾಗ ಡಿಸ್ಟಿಲ್ಡ್ ವಾಟರೇ ಹಾಕಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಲವಣ ಪ್ಲೇಟ್ ಹಾಳು ಮಾಡುತ್ತೆ.

ಎಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಚಾರ್ಜಿಂಗ್ ಪರೀಕ್ಷೆ ಮಾಡೋರಿದ್ದಾರೆ. ಯಾರೇ ಹೇಳಲಿ, ಒಪ್ಪಬೇಡಿ. ಆ ಕ್ಷಣಕ್ಕೆ ವೋಲ್ಟೇಜ್ ಚಿಮ್ಮಿ, ಚೆನ್ನಾಗಿದ್ದ ಆಲ್ಟರ್ನೇಟರಿನ ಡಯೋಡ್ (ಎಸಿಯನ್ನು ಡಿಸಿ ಮಾಡೋ ಭಾಗ) ಹೋಗಬಹುದು. ಡಯೋಡ್ ಮೇಲೆ ಅನುಮಾನವಿದ್ದರೆ ಮಲ್ಟಿಮೀಟರ್ ಎಸಿಗೆ ತಿರುಗಿಸಿ, ಎಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ ಇಡಿ. 0.5 ವೋಲ್ಟ್ ದಾಟಿದರೆ ಆಗ ಬಿಚ್ಚಿಸಿ. ಬೆಲ್ಟು ಸಡಿಲ ಇದೆಯಾ ಅಂತಲೂ ನೋಡಿ.

ಕ್ಯಾತ್ಸಂದ್ರ_ಡೀಸೆಲ್
ಅಳೆದೆ. ಲೋಡ್ ಹಾಕಿದಾಗ ಬ್ಯಾಟರಿಯಲ್ಲಿ 13.8, ಮೀಟರಿನ ಹಿಂದೆ 12.1. ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್ಚಿನವರೆಗೆ 0.3, ಸ್ವಿಚ್ಚಿನ ಒಳಗೇ 1.1, ಅರ್ಥ್ ಕಡೆ 0.3. ಎಸಿ 0.1ಕ್ಕಿಂತ ಕಡಿಮೆ.

ಚಿಂತಾಮಣಿ_ವೈರಿಂಗ್
ಲೆಕ್ಕ ಸರಿಹೋಯಿತು, 1.7 ಪೂರ್ತಿ ಸಿಕ್ಕಿತು. ಆಲ್ಟರ್ನೇಟರ್ ಮುಟ್ಟೋದೇ ಬೇಡ. ಆದರೆ ಆ ಸ್ವಿಚ್ ಹಾಗೇ ಬಿಡಬೇಡಿ: 15 ಆಂಪಿಯರ್ ಹರಿದರೆ 1.1 ವೋಲ್ಟಿಗೆ 16 ವ್ಯಾಟಿನಷ್ಟು ಬಿಸಿ ಆ ಪುಟ್ಟ ಕಾಂಟ್ಯಾಕ್ಟಿನಲ್ಲೇ ಹುಟ್ಟುತ್ತೆ. ಪ್ಲಾಸ್ಟಿಕ್ ಕರಗೋದು ಹೀಗೇ.

ಸ್ವಿಚ್ ಬದಲಾಯಿಸಿ, ಜೊತೆಗೆ ಹೆಡ್‌ಲೈಟಿಗೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡೋ ಸ್ವಿಚ್) ಹಾಕಿಸಿ, ಹೈಗೊಂದು ಲೋಗೊಂದು. ಇಲ್ಲದಿದ್ದರೆ ಹೊಸ ಸ್ವಿಚ್ಚೂ ಬೇಗ ಸೋಲುತ್ತೆ. ಬ್ಯಾಟರಿ ಪ್ಲಸ್‌ನಿಂದ 20 ಆಂಪಿಯರ್ ಫ್ಯೂಸ್ ಮೂಲಕ 4 ಚದರ ಮಿಲಿಮೀಟರ್ ವೈರ್ ಎರಡೂ ರಿಲೇಯ 30 ನಂಬರಿನ ಪಿನ್ನಿಗೆ, ಬಲ್ಬಿಗೆ ಹೋಗೋದು 87ನೇ ಪಿನ್ನಿನಿಂದ. ಹಳೇ ಹೆಡ್‌ಲೈಟ್ ವೈರ್ 86ಕ್ಕೆ, 85 ಅರ್ಥ್. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಲಿ.

ಅರ್ಥ್‌ಗೆ ಡ್ಯಾಶ್ ಹಿಂದಿನ ಥಿಂಬಲ್ (ಅರ್ಥ್ ವೈರ್ ತುದಿಯ ಲೋಹದ ಬಳೆ) ಬಿಚ್ಚಿ, ಬಾಡಿಯ ಪೇಂಟ್ ಎಮರಿ ಪೇಪರಿನಲ್ಲಿ ತಿಕ್ಕಿ ಲೋಹ ಕಾಣಿಸಿ, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಎಂಜಿನ್‌ನಿಂದ ಚಾಸಿಗೆ ಬರೋ ಪಟ್ಟಿಯನ್ನೂ ಹಾಗೇ ಮಾಡಿ. ಮೊದಲು ಬ್ಯಾಟರಿ ಮೈನಸ್ ಬಿಚ್ಚಿಟ್ಟೇ ಕೈಹಾಕಿ. ಎಲ್ಲ ಆದ ಮೇಲೂ ಮೀಟರಿನ ಹಿಂದೆ 13.5 ಬಂದು ಮುಳ್ಳು 12.5 ತೋರಿಸಿದರೆ, ಆಗಷ್ಟೇ ಮೀಟರ್ ಬದಲಾಯಿಸೋ ಮಾತು.