ಡೆಲಿವರಿಗೆ ದುಡ್ಡು ಕೊಡೋ ಇನ್ಶೂರೆನ್ಸು ಆಪರೇಷನ್‌ಗೆ ಯಾಕೆ ಕೊಡಲ್ಲ?

ಕಾಫಿಹೂವು (ಮಡಿಕೇರಿ)
ಎಲ್ರಿಗೂ ನಮಸ್ಕಾರ, ಸ್ವಲ್ಪ ಮುಜುಗರದ ವಿಷಯ ಆದ್ರೂ ಕೇಳ್ತಿದೀನಿ. ನಾನು ಇಲ್ಲೇ ಒಂದು ರೆಸಾರ್ಟಲ್ಲಿ ಫ್ರಂಟ್ ಆಫೀಸಲ್ಲಿದೀನಿ, ಕಂಪನಿ ಕಡೆಯಿಂದ ಗ್ರೂಪ್ ಇನ್ಶೂರೆನ್ಸ್ ಇದೆ, ಮೆಟರ್ನಿಟಿನೂ ಸೇರಿದೆ. ಎರಡನೇದೂ ಸಿಸೇರಿಯನ್ ಆಯ್ತು ಮೈಸೂರಲ್ಲಿ, ಹೆಂಗೂ ಹೊಟ್ಟೆ ಕುಯ್ದಿರ್ತಾರಲ್ಲ ಅಂತ ಅದ್ರ ಜೊತೇಲೇ ಮುಂದೆ ಮಕ್ಕಳಾಗದಂಗೆ ಆಪರೇಷನ್ನೂ ಮಾಡಿಸ್ಕೊಂಡೆ. ಡಿಸ್ಚಾರ್ಜ್ ದಿನ ಮಗು ಅಮ್ಮನ ಕೈಲಿ, ನಾನು ಸೊಂಟ ಹಿಡ್ಕೊಂಡು ಬಿಲ್ ಕೌಂಟರ್ ಮುಂದೆ ನಿಂತಿದೀನಿ, ಅಲ್ಲಿದ್ದ ಹುಡುಗ 'ಟ್ಯುಬೆಕ್ಟಮಿ' ಅನ್ನೋ ಸಾಲಿನ ಕೆಳಗೆ ಪೆನ್ನಲ್ಲಿ ಗೆರೆ ಎಳೆದು, ತಲೆ ಎತ್ತದೆ, ಇದು ಬರಲ್ಲ ಮೇಡಂ, 6,500 ಕ್ಯಾಶ್ ಕಟ್ಬೇಕು ಅಂದ. ಅಂದ್ರೆ ಹೆರೋಕೆ ದುಡ್ಡು ಕೊಡ್ತಾರೆ, ಸಾಕು ಅನ್ನೋಕೆ ಕೊಡಲ್ಲ! ಅಮೆರಿಕದಲ್ಲಿ ಇನ್ಶೂರೆನ್ಸ್‌ನವರು ಇದನ್ನ ಕೊಡ್ಲೇಬೇಕು ಅಂತ ಕಾನೂನಿದೆ ಅಂತ ನಮ್ಮ ಅತ್ತಿಗೆ ಹೇಳ್ತಿದ್ರು. ನಮ್ಮಲ್ಲೂ ಹಂಗ್ ಮಾಡಿದ್ರೆ ಏನ್ ತಪ್ಪು?

ಸುಂಟಿಕೊಪ್ಪ ಏಜೆಂಟ್
ಅಕ್ಕ, ನಾನು ಪಾಲಿಸಿ ಮಾಡಿಸೋನು, ಬೈಕೋಬೇಡಿ. ಅದು ಆಸ್ಪತ್ರೆಯವರ ಕಿತಾಪತಿ ಅಲ್ಲ. ನಿಮ್ಮ ಪಾಲಿಸಿ ಪುಸ್ತಕದಲ್ಲಿ ಎಕ್ಸ್‌ಕ್ಲೂಷನ್ ಪಟ್ಟಿ, ಅಂದ್ರೆ ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನೋ ಪಟ್ಟಿ ನೋಡಿ, 17ನೇ ಕೋಡು. 2019ರಲ್ಲಿ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಎಲ್ಲಾ ಕಂಪನಿಗೂ ಒಂದೇ ಥರ ಪದ ಹಾಕ್ಕೊಟ್ಟಿದೆ, ಗರ್ಭನಿರೋಧಕ ಯಾವುದೇ ಇರಲಿ, ಸಂತಾನಹರಣ, ಐವಿಎಫ್ಫು, ಬಾಡಿಗೆ ತಾಯ್ತನ ಎಲ್ಲಾ ಒಂದೇ ಮೂಟೇಲಿ. ಮಕ್ಕಳು ಬೇಕು ಅನ್ನೋರಿಗೂ ಬೇಡ ಅನ್ನೋರಿಗೂ ಒಂದೇ ಬಾಗಿಲು ಮುಚ್ಚಿದಾರೆ. ಇನ್ನೊಂದು, ಮೂರನೇದು ಹೆತ್ರೂ ಹೆಚ್ಚಿನ ಪಾಲಿಸಿಲಿ ದುಡ್ಡು ಬರಲ್ಲ, ಎರಡಕ್ಕೇ ಲಿಮಿಟ್ಟು 😀 ನನ್ನ ಕೇಳಿದ್ರೆ ಇನ್ಶೂರೆನ್ಸ್ ಇರೋದೇ ಅಕಸ್ಮಾತ್ ಆಗೋದಕ್ಕೆ, ತಾವೇ ಯೋಚ್ನೆ ಮಾಡಿ ಮಾಡಿಸ್ಕೊಳ್ಳೋದನ್ನ ಸೇರಿಸ್ತಾ ಹೋದ್ರೆ ಪ್ರೀಮಿಯಂ ಎಲ್ರಿಗೂ ಏರತ್ತೆ.

ಕಾಫಿಹೂವು
ಅಣ್ಣ, ಡೆಲಿವರಿ ಏನು ಅಕಸ್ಮಾತ್ತಾ? ಒಂಬತ್ತು ತಿಂಗಳು ಮೊದ್ಲೇ ಡೇಟ್ ಕೊಟ್ಟಿರ್ತಾರಲ್ಲ.

ಗೋಣಿಕೊಪ್ಪದವ, ಈಗ ನ್ಯೂಜೆರ್ಸಿ
ಇಲ್ಲಿ ಕಾನೂನು ಇರೋದು ನಿಜ, ಆದ್ರೆ ಸಲೀಸಾಗಿ ನಡೀತಿದೆ ಅನ್ಕೋಬೇಡಿ. ಒಬಾಮ ಕಾಲದ 2010ರ ಹೆಲ್ತ್ ಕಾನೂನು, ಅದ್ರ ಕೆಳಗೆ 2012ರ ಆಗಸ್ಟಿಂದ ಹೊಸ ಪ್ಲಾನ್‌ಗಳು ಹೆಂಗಸರ ಗರ್ಭನಿರೋಧಕಕ್ಕೆ ಕೈಯಿಂದ ಒಂದು ಪೈಸೆನೂ ಕೇಳದೆ ಕೊಡ್ಬೇಕು ಅಂತಾಯ್ತು. ಚರ್ಚುಗಳಿಗೆ ವಿನಾಯಿತಿ ಕೊಟ್ರು. ಆಮೇಲೆ ಹಾಬಿ ಲಾಬಿ ಅಂತ ಅಲಂಕಾರದ ಸಾಮಾನು ಮಾರೋ ಅಂಗಡಿ ಸರಣಿ, ಅದ್ರ ಮಾಲೀಕರು ಕೋರ್ಟಿಗೆ ಹೋದ್ರು, 20 ವಿಧಾನದಲ್ಲಿ 4 ನಮ್ಮ ಧರ್ಮಕ್ಕೆ ಒಗ್ಗಲ್ಲ, ಅವು ಗರ್ಭಪಾತ ಇದ್ದಂಗೆ ಅಂತ. 2014ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅವರ ಪರ ಹೇಳ್ತು. ಜಡ್ಜ್ ಗಿನ್ಸ್‌ಬರ್ಗ್ ಒಪ್ಪಲಿಲ್ಲ, ಕನಿಷ್ಠ ಕೂಲಿಗೆ ದುಡಿಯೋ ಹೆಂಗಸಿಗೆ ಒಂದು ಐಯುಡಿ (ಕಾಪರ್ ಟಿ ಥರದ್ದು) ಹಾಕಿಸೋ ಖರ್ಚು ಹತ್ತತ್ರ ಒಂದು ತಿಂಗಳ ಸಂಬಳ ಅಂತ ಬರೆದ್ರು. 2020ರಲ್ಲಿ ಅದೇ ಕೋರ್ಟಿನ 7-2 ತೀರ್ಪಿಂದ ವಿನಾಯಿತಿ ಇನ್ನೂ ಅಗಲ ಆಯ್ತು. ಅಂದಹಾಗೆ ಗಂಡಸರ ಆಪರೇಷನ್ನು, ವ್ಯಾಸೆಕ್ಟಮಿ, ಈ ಕೇಂದ್ರ ಕಾನೂನಲ್ಲಿ ಇಲ್ಲವೇ ಇಲ್ಲ, ಅದ್ರ ಬಗ್ಗೆ ಇಲ್ಲಿ ಯಾರೂ ಅಷ್ಟು ಜಗಳ ಆಡಿದ್ದು ನಾನು ನೋಡಿಲ್ಲ.

ರಿಟೈರ್ಡ್ ಸಿಸ್ಟರ್, ಸೋಮವಾರಪೇಟೆ
ಮಗಳೇ, ಸರ್ಕಾರಿ ಆಸ್ಪತ್ರೇಲಿ ಮಾಡಿಸಿದ್ರೆ ಒಂದು ರೂಪಾಯಿ ಇಲ್ಲ, ಮೇಲೆ ಸ್ವಲ್ಪ ದುಡ್ಡೂ ಕೊಡ್ತಾರೆ. 1952ರಿಂದ ನಡೀತಿರೋ ಕುಟುಂಬ ಯೋಜನೆ ಕಾರ್ಯಕ್ರಮ ಇದು. ನಾನು ಸಬ್ ಸೆಂಟರಲ್ಲಿದ್ದಾಗ ಕಾಪರ್ ಟಿಗೆ ವಂಕಿ ಅಂತಿದ್ವಿ, ಜಡಿಮಳೇಲಿ ಕೊಡೆ ಹಿಡ್ಕೊಂಡು ಮನೆಮನೆಗೆ ಮಾತ್ರೆ, ನಿರೋಧ್ ಹಂಚಿದೀನಿ. ಈಗ ಛಾಯಾ ಮಾತ್ರೆ, ಮೂರು ತಿಂಗಳಿಗೊಂದು ಅಂತರಾ ಇಂಜೆಕ್ಷನ್ನೂ ಇದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವರಿಗೆ ಆಪರೇಷನ್ ಆದ್ರೆ ಹೆಂಗಸಿಗೆ 14 ದಿನ, ಗಂಡಸಿಗೆ 7 ದಿನ ಪೂರ್ತಿ ಕೂಲಿ ಬೇರೆ. ಆದ್ರೆ ಗಂಡಸರು ಎಲ್ಲಿ ಬರ್ತಾರೆ ಹೇಳಿ, 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ತಾವೇ ಆಪರೇಷನ್ ಮಾಡಿಸ್ಕೊಂಡವರು ಶೇ. 37.9, ಗಂಡ ಮಾಡಿಸ್ಕೊಂಡಿರೋರು ಶೇ. 0.3. ನನ್ನ ಸರ್ವೀಸಲ್ಲಿ ಒಬ್ಬನೇ ಒಬ್ಬ ತಾನಾಗೇ ಬಂದ, ಅವನ ತಾಯಿ ಹಿಂದೇನೇ ಓಡಿ ಬಂದು ಜೀಪ್ ಹತ್ತಿಸಿ ಕರ್ಕೊಂಡು ಹೋದ್ಲು.

ಲೈನ್‌ಮನೆ ರೈಟರ್
ಸಿಸ್ಟರ್ ಹೇಳಿದ್ದು ಸರಿ, ಫ್ರೀ ಇದೆ, ಆದ್ರೆ ಪುಕ್ಕಟೆ ಅನ್ನೋದಕ್ಕೂ ಖರ್ಚಿದೆ. ನಾನು ಸಿದ್ದಾಪುರ ಕಡೆ ಕಾಫಿ ಎಸ್ಟೇಟಲ್ಲಿ ರೈಟರು, ಲೆಕ್ಕ ಬರೆಯೋನು. ಕೊಯ್ಲು ಟೈಮಲ್ಲಿ ಕೂಲಿ ಕೆಜಿ ಲೆಕ್ಕ, ಒಂದು ದಿನ ಆಸ್ಪತ್ರೆಗೆ ಹೋದ್ರೆ ಆ ದಿನದ ಹಣ್ಣು ಇನ್ನೊಬ್ಬರ ಚೀಲಕ್ಕೆ. ನಮ್ಮ ಲೈನಲ್ಲಿ, ಅಂದ್ರೆ ಕೂಲಿಯವರ ಸಾಲುಮನೇಲಿ, ಅಸ್ಸಾಮಿನ ಒಂದು ಹುಡುಗಿ ಅಂತರಾ ತಗೊಂಡಿದ್ಲು, ಕಾರ್ಡನ್ನ ರೇಷನ್ ಚೀಲದೊಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಕೊಂಡಿದ್ಲು, ಮುಂದಿನ ತಾರೀಖು ಬರೋ ಹೊತ್ತಿಗೆ ಕೊಯ್ಲು ಮುಗಿದು ಮೇಸ್ತ್ರಿ ಎಲ್ರನ್ನೂ ಬೇರೆ ಕಡೆ ಕರ್ಕೊಂಡು ಹೋದ. ಮುಂದಿನ ವರ್ಷ ಬಂದಾಗ ಹೊಟ್ಟೇಲಿ ಕೂಸು. ಅವಳಿಗೆ ನಿಮ್ಮ 17ನೇ ಕೋಡು ಇದ್ರೂ ಒಂದೇ, ತೆಗೆದ್ರೂ ಒಂದೇ. ಅಮೆರಿಕದ ಸಾಹುಕಾರರ ಥರ ಇಲ್ಲಿ ಯಾರೂ ಧರ್ಮ ಅಡ್ಡ ತರಲ್ಲ, ಜನವರೀಲಿ ರಜೆ ಕೇಳಿದ್ರೆ ಮುಖ ಊದಿಸ್ಕೋತಾರೆ ಅಷ್ಟೆ. ಹಂಗಂತ ಮೇಡಂ ಕೇಳಿದ್ದು ತಪ್ಪು ಅಂತಲ್ಲ, ಹೊಟ್ಟೆ ಕುಯ್ದ ಮೇಲೆ ಅದೇ ಟೇಬಲ್ ಮೇಲೆ ಆಗೋ ಕೆಲ್ಸಕ್ಕೆ ಸರ್ಕಾರಿ ಆಸ್ಪತ್ರೆಗೆ ಇನ್ನೊಂದ್ಸಲ ಹೋಗು ಅನ್ನೋದು ಯಾವ ನ್ಯಾಯ.

ಸುಂಟಿಕೊಪ್ಪ ಏಜೆಂಟ್
ರೈಟರ್ ಸಾರ್ ಮಾತಿಗೆ ನನ್ ಹತ್ರ ಉತ್ತರ ಇಲ್ಲ. ಅಕ್ಕ, ಒಂದು ದಾರಿ ಇದೆ ನೋಡಿ. ಮೆಟರ್ನಿಟಿನೂ 18ನೇ ಕೋಡಲ್ಲಿ ಎಕ್ಸ್‌ಕ್ಲೂಷನ್ನೇ, ನಿಮ್ ಕಂಪನಿ ಎಕ್ಸ್‌ಟ್ರಾ ಪ್ರೀಮಿಯಂ ಕಟ್ಟಿ ತೆಗೆಸಿರೋದಕ್ಕೇ ನಿಮಗೆ ಸಿಕ್ಕಿದ್ದು. ಗ್ರೂಪ್ ಪಾಲಿಸಿಲಿ ಮಾಲೀಕರು ಕೇಳಿದ್ರೆ ಇದನ್ನೂ ಮಾತಾಡ್ಬಹುದು. ರಿನ್ಯೂವಲ್‌ಗೆ ಮುಂಚೆ ಎಚ್‌ಆರ್‌ಗೆ ಹೇಳಿ.

ಕಾಫಿಹೂವು
ಇವತ್ತು ಹೇಳಿದೆ ಅಣ್ಣ. ಎಚ್‌ಆರ್ ಸರ್ ಪಾಪ ಒಳ್ಳೇವ್ರು, ಬಾಗಿಲು ಹಾಕಿ ಬಂದು ಮೆತ್ತಗೆ 'ಈ ವಿಷಯ ಮೀಟಿಂಗಲ್ಲಿ ನಾನು ಹೆಂಗಮ್ಮ ಹೇಳ್ಲಿ, ನೀನೇ ಒಂದು ಲೆಟರ್ ಬರ್ಕೊಡು' ಅಂದ್ರು. ಹೌಸ್‌ಕೀಪಿಂಗಿನ ಐದು ಜನನೂ ಸೈನ್ ಹಾಕ್ತೀವಿ ಅಂದಿದಾರೆ. 17ನೇ ಕೋಡಿನ ಪದ ಸರಿಯಾಗಿ ಹೆಂಗಿದೆ ಅಂತ ಒಂದು ಫೋಟೋ ಹಾಕಿ ಅಣ್ಣ, ಲೆಟರಲ್ಲಿ ಹಾಕ್ಬೇಕು.