ವೆಂಡಿಂಗ್ ಮಷಿನ್ ಮಾಲು ಜೋಡಿಸೋದು, ಸಾಗಿಸೋದು ಹೇಗೆ? ಬಳ್ಳಾರಿಯಿಂದ ಗಿಣಿಗೇರಾ ತನಕ ಐದು ಮಷಿನ್

ಕೋಟೆಗುಡ್ಡದ ಹುಡುಗ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಸಣ್ಣದಾಗಿ ವೆಂಡಿಂಗ್ ಮಷಿನ್ ವ್ಯಾಪಾರ ಮಾಡುತ್ತಿದ್ದೇನೆ. ಊರೊಳಗೆ ಮೂರು ಇವೆ. ಒಂದು ಆಸ್ಪತ್ರೆಯಲ್ಲಿ, ಒಂದು ಕಾಲೇಜಿನಲ್ಲಿ, ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ. ಇನ್ನೆರಡಕ್ಕೆ ಹೆದ್ದಾರಿ ಹಿಡಿಯಬೇಕು, ತೋರಣಗಲ್ಲಿನ ಕಡೆ ಒಂದು ಫ್ಯಾಕ್ಟರಿ, ಗಿಣಿಗೇರಾದಲ್ಲಿ ಇನ್ನೊಂದು. ಎಲ್ಲವೂ ಸ್ಪ್ರಿಂಗ್ ತಿರುಗಿ ಮಾಲು ಕೆಳಗೆ ಬೀಳುವ ಮಷಿನ್‌ಗಳು. ಯುಪಿಐ ಮಾತ್ರ, ನೋಟು ಚಿಲ್ಲರೆ ಇಲ್ಲ.

ವ್ಯಾಪಾರ ಪರವಾಗಿಲ್ಲ, ತಲೆನೋವು ಮಾಲಿನದ್ದು. ಏಜೆನ್ಸಿಯವರು ತಂದು ಇಳಿಸಿದ ಬಾಕ್ಸ್‌ಗಳು ಮನೆಯ ಮುಂದಿನ ಕೋಣೆಯಲ್ಲಿ ಒಂದರ ಮೇಲೊಂದು ಇವೆ, ಬೇಕಾದ್ದು ಯಾವಾಗಲೂ ತೀರಾ ಅಡಿಯಲ್ಲೇ ಇರುತ್ತದೆ. ಎಲ್ಲದರಲ್ಲೂ ಒಂದೊಂದು ಬಾಕ್ಸ್ ಮಾಮನ ಓಮ್ನಿಗೆ ಹಾಕಿಕೊಂಡು ಹೋಗಿ, ಮಷಿನ್ ಬಾಗಿಲು ತೆರೆದು, ನೆಲದ ಮೇಲೆ ಕೂತು ಬಾಕ್ಸ್ ಹರಿದು ತುಂಬುತ್ತೇನೆ. ಅಷ್ಟರಲ್ಲಿ ಸುತ್ತ ಜನ ನಿಂತು "ಅಣ್ಣಾ, ಅದೊಂದು ಲೇಸ್ ಕೈಯಲ್ಲೇ ಕೊಟ್ಬಿಡು, ಫೋನ್‌ಪೇ ಮಾಡ್ತೀನಿ" ಅಂತ ಶುರು. ಅರ್ಧ ಮಾಲು ಹೋದ ಹಾಗೇ ವಾಪಸ್ ಬರುತ್ತದೆ. ಚಾಕಲೇಟು ಅಂತೂ ಕೇಳಲೇಬೇಡಿ, ನಮ್ಮೂರ ಬಿಸಿಲು ನಿಮಗೆ ಗೊತ್ತಲ್ಲ.

ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಒಂದು ನೋಡಿಟ್ಟಿದ್ದೇನೆ. ತಗೊಂಡರೆ ಸರಿ ಹೋಗುತ್ತದಾ? ಈ ಲೈನಿನಲ್ಲಿ ಇರುವವರು ಯಾರಾದರೂ ಹೇಳಿ.

ಮುನಿರಾಬಾದ್ ಮೀನು:

ಏಸ್ ಬಿಡಿ, ಮೊದಲು ಕ್ರೇಟ್ ತಗೊಳ್ಳಿ.

ಟೊಮೆಟೊ ಸಾಗಿಸುವ ಪ್ಲಾಸ್ಟಿಕ್ ಕ್ರೇಟ್ ಇರುತ್ತಲ್ಲ, ಅಂಥದ್ದೇ ಸಾಕು. ಆದರೆ ಜಾಲರಿ ಇಲ್ಲದ್ದು ನೋಡಿ ತಗೊಳ್ಳಿ, ನಿಮ್ಮ ಆ ರಸ್ತೆಯಲ್ಲಿ ಅದಿರಿನ ಕೆಂಪು ಧೂಳು ಎಲ್ಲಿಂದಾದರೂ ನುಗ್ಗುತ್ತದೆ. ಒಂದೊಂದು ಮಷಿನ್‌ಗೆ ಒಂದೊಂದು ಬಣ್ಣ. ಹಿಂದಿನ ರಾತ್ರಿ ಮಷಿನ್‌ನ ಆಪ್ ತೆರೆದರೆ ಯಾವ ಸ್ಪ್ರಿಂಗ್‌ನಲ್ಲಿ ಎಷ್ಟು ಹೋಗಿದೆ ಅಂತ ಬರುತ್ತದೆ. ಹೋದಷ್ಟನ್ನೇ ಎಣಿಸಿ ಆ ಬಣ್ಣದ ಕ್ರೇಟ್‌ಗೆ ಹಾಕಿ. ಬಾಕ್ಸ್ ಹರಿಯೋದು ಮನೆಯಲ್ಲೇ, ರಟ್ಟು ಉಳಿಯೋದೂ ಮನೆಯಲ್ಲೇ. ಮಷಿನ್ ಮುಂದೆ ನಿಂತಾಗ ಯೋಚನೆ ಮಾಡುವ ಕೆಲಸ ಏನೂ ಇರಬಾರದು, ಸುಮ್ನೆ ತುಂಬಬೇಕು, ಬಾಗಿಲು ಹಾಕಬೇಕು, ಹೊರಡಬೇಕು.

ಕ್ರೇಟ್ ಜೋಡಿಸುವುದೂ ಮಷಿನ್ ಒಳಗಿನ ಸಾಲಿನಂತೆಯೇ. ಮೇಲಿನ ಟ್ರೇ ಮಾಲು ಮೇಲೆ, ಕೆಳಗಿನದು ಕೆಳಗೆ. ಚಿಪ್ಸ್ ಹೇಗೂ ಮೇಲಿನ ಟ್ರೇಗಳಲ್ಲಿರುತ್ತದೆ, ಬಾಟಲಿ ಅಡಿಯ ಟ್ರೇಯಲ್ಲಿ, ಯಾಕಂದ್ರೆ ಭಾರದ್ದು ಎತ್ತರದಿಂದ ಬಿದ್ದರೆ ಒಡೆಯುತ್ತದೆ ಇಲ್ಲವೇ ನೊರೆ ಬರುತ್ತದೆ. ಹಾಗಾಗಿ ದಾರಿಯಲ್ಲಿ ಚಿಪ್ಸ್ ಪುಡಿಯಾಗುವ ಭಯವೂ ಇಲ್ಲ. ಗಾಡಿಗೆ ಏರಿಸುವಾಗ ಕೊನೆಗೆ ಇಳಿಸುವ ಕ್ರೇಟ್ ಮೊದಲು ಒಳಗೆ ಹೋಗಬೇಕು. ಮೊದಲು ಗಿಣಿಗೇರಾ ಮುಗಿಸಿ ಬರುತ್ತಾ ತೋರಣಗಲ್ಲು ಅಂದರೆ ಗಿಣಿಗೇರಾದ್ದು ಬಾಗಿಲ ಹತ್ತಿರ. ಜೊತೆಗೆ ಒಂದು ಖಾಲಿ ಕ್ರೇಟ್ ಇರಲಿ, ಎಕ್ಸ್‌ಪೈರಿ ಹತ್ತಿರ ಬಂದಿದ್ದು, ಹರಿದಿದ್ದು ಅದಕ್ಕೆ. ಎಕ್ಸ್‌ಪೈರಿ ಹತ್ತಿರದ್ದನ್ನು ಮನೆಗೆ ತಂದು ಇಡಬೇಡಿ, ಯಾವ ಮಷಿನ್‌ನಲ್ಲಿ ಅದು ಬೇಗ ಓಡುತ್ತದೋ ಅಲ್ಲಿಗೆ ಹಾಕಿ.

ಕೈಯಲ್ಲಿ ಮಾತ್ರ ಯಾರಿಗೂ ಕೊಡಬೇಡಿ. ಕೊಟ್ಟ ಗಳಿಗೆಯಿಂದ ಆಪ್ ಲೆಕ್ಕ ಒಂದು, ಮಷಿನ್ ಒಳಗಿರೋದು ಇನ್ನೊಂದು. ಆಮೇಲೆ ರಾತ್ರಿ ಎಣಿಸಿ ತುಂಬಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ನೋಡುವುದಿಲ್ಲ. ದೂರದ ಮಷಿನ್‌ಗೆ ಪದೇ ಪದೇ ಓಡುವ ಹಾಗೆ ಮಾಡೋದು ಎರಡು ಮೂರು ಐಟಂ ಅಷ್ಟೇ. ಉಳಿದ ಸ್ಪ್ರಿಂಗ್‌ಗಳು ತುಂಬಿಯೇ ಇರುತ್ತವೆ, ಆದರೂ ಆ ಎರಡು ಮೂರಕ್ಕೋಸ್ಕರ ಹೋಗುತ್ತೀರಿ. ಗಿಣಿಗೇರಾದಲ್ಲಿ ಏನು ಓಡುತ್ತದೋ ಅದಕ್ಕೆ ಎರಡು, ಬೇಕಾದರೆ ಮೂರು ಸ್ಪ್ರಿಂಗ್ ಕೊಡಿ. ಓಡದೇ ಇರುವುದನ್ನು ತೆಗೆದುಬಿಡಿ. ಊರೊಳಗಿನ ಮಷಿನ್‌ನಲ್ಲಿ ಬೇಕಾದಷ್ಟು ಬಗೆ ಇಡಿ, ದೂರದ್ದರಲ್ಲಿ ಬಗೆ ಕಡಿಮೆ, ಸ್ಟಾಕ್ ಜಾಸ್ತಿ. ಓಡಾಟ ಅಲ್ಲೇ ಅರ್ಧ ಇಳಿಯುತ್ತದೆ, ಗಾಡಿ ಯಾವುದಾದರೇನು.

ರಾಯಚೂರು ಬಿಸಿಲು:

ಮೇಲಿನವರು ಹೇಳಿದ್ದು ಸರಿ. ನಾನು ಬಿಸಿಲಿನ ಬಗ್ಗೆ ಹೇಳುತ್ತೇನೆ, ಹೆಸರಿಗೆ ತಕ್ಕ ಹಾಗೆ.

ಚಾಕಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಏನೂ ದೊಡ್ಡ ಮಾತಲ್ಲ. ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಒಳಗೆ ಹೊರಗಿಗಿಂತ 15–20 ಡಿಗ್ರಿ ಜಾಸ್ತಿಯೇ ಇರುತ್ತದೆ. ಅಂದರೆ ಗೇಟ್ ಹತ್ತಿರ ಸೆಕ್ಯುರಿಟಿ ಜೊತೆ ಸ್ವಲ್ಪ ಹೊತ್ತು ಮಾತಾಡಿದರೆ ಸಾಕು, ಕೆಲಸ ಮುಗಿಯಿತು. ಕರಗಿ ಮತ್ತೆ ಗಟ್ಟಿಯಾದರೆ ಮೇಲೆ ಬೂದಿ ಬಣ್ಣದ ಪದರ ಬರುತ್ತದೆ. ಅದು ಬೂಷ್ಟು ಅಲ್ಲ, ಬೆಣ್ಣೆಯಂಶ ಮೇಲೆ ಬಂದಿರೋದು ಅಷ್ಟೇ, ತಿಂದರೆ ಏನೂ ಆಗುವುದಿಲ್ಲ. ಆದರೆ ಕೊಂಡವರು ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಯಾರಿಗೆ ಅಂತ ಸಮಜಾಯಿಷಿ ಕೊಡ್ತೀರಿ?

ನನ್ನ ಲೆಕ್ಕ ಇಷ್ಟು. ಫ್ರಿಜ್ ಇಲ್ಲದ ಮಷಿನ್‌ಗೆ ಮಾರ್ಚಿನಿಂದ ಮಳೆ ಬೀಳುವ ತನಕ ಚಾಕಲೇಟೇ ಬೇಡ. ಆ ಸ್ಪ್ರಿಂಗ್‌ಗೆ ಶೇಂಗಾ ಚಿಕ್ಕಿ, ಕ್ರೀಂ ಇಲ್ಲದ ಬಿಸ್ಕತ್ತು, ಖಾರಾ ಬೂಂದಿ, ಹುರಿಗಡಲೆ ಹಾಕಿ. ಚಿಕ್ಕಿ ನಿಂತುಕೊಳ್ಳುವ ಪ್ಯಾಕೆಟ್‌ನದ್ದು ನೋಡಿ, ತೆಳು ಪ್ಯಾಕೆಟ್ ಸ್ಪ್ರಿಂಗ್ ಸಂದಿಯಲ್ಲಿ ವಾಲಿ ಸಿಕ್ಕಿಹಾಕಿಕೊಳ್ಳುತ್ತದೆ. ಫ್ರಿಜ್ ಇರುವ ಮಷಿನ್‌ಗೆ ಚಾಕಲೇಟು ಒಯ್ಯುವುದಾದರೆ ಮೀನು ಮಾರುವವರ ಹತ್ತಿರ ಸಿಗುವ ಥರ್ಮೋಕೋಲ್ ಡಬ್ಬಿ ಸಾಕು. ಹೊಸದು ತಗೊಳ್ಳಿ ಮಾರಾಯ್ರೆ, ಬಳಸಿದ್ದು ಬೇಡ. ಅಡಿಗೆ ಜೆಲ್ ಐಸ್ ಪ್ಯಾಕ್, ಅದರ ಮೇಲೆ ರಟ್ಟು, ಅದರ ಮೇಲೆ ಚಾಕಲೇಟು, ಟೇಪ್ ಸುತ್ತಿ. ಮಷಿನ್ ಬಾಗಿಲು ತೆರೆದ ಮೇಲೆಯೇ ಡಬ್ಬಿ ತೆರೆಯಬೇಕು. ಬೆಳಿಗ್ಗೆ ಬಿಸಿಲೇರುವ ಮುಂಚೆ ಈ ಕೆಲಸ ಮುಗಿದಿರಬೇಕು.

ತಂಪು ಪಾನೀಯ ಇದಕ್ಕೆ ಉಲ್ಟಾ. ಗಾಡಿಯಲ್ಲಿ ಕಾದ ಬಾಟಲಿಗಳನ್ನು ಮಧ್ಯಾಹ್ನ ತುಂಬಿದರೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಮಷಿನ್ ಬೇರೆ ಉಸಿರು ಬಿಡದೆ ಓಡುತ್ತದೆ. ಸಂಜೆ ತುಂಬಿದರೆ ರಾತ್ರಿ ಪಾಳಿಯವರಿಗೆ ಸರಿಯಾಗಿ ತಣ್ಣಗೆ ಸಿಗುತ್ತದೆ. ಹಳೆಯದು ಮುಂದೆ, ಹೊಸದು ಹಿಂದೆ, ಇದು ಬರೀ ಎಕ್ಸ್‌ಪೈರಿಗಲ್ಲ, ತಂಪಿಗೂ.

ನಂದಿನಿ ಮಸಾಲ ಮಜ್ಜಿಗೆ ಟೆಟ್ರಾ ಪ್ಯಾಕ್ ಬೇಸಿಗೆಯಲ್ಲಿ ಒಳ್ಳೆ ಓಡುತ್ತದೆ. ಬಿಡಿಸದ ತನಕ ಫ್ರಿಜ್ ಇಲ್ಲದೆಯೂ ಇರುತ್ತದೆ, ಸಾಗಿಸಲು ತಲೆಬಿಸಿ ಇಲ್ಲ. ಸ್ಟ್ರಾ ಅಂಟಿಸಿದ ಬದಿ ಸ್ಪ್ರಿಂಗ್‌ಗೆ ತಾಗದ ಹಾಗೆ ತಿರುಗಿಸಿ ಇಡಿ, ಇಲ್ಲಾಂದ್ರೆ ಸ್ಟ್ರಾ ಕಿತ್ತುಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಗೂಡ್ಸ್ ಗಾಡಿ:

ಎಲ್ಲರೂ ಏಸ್ ಬೇಡ ಅಂತಿದ್ದೀರಿ. ತಗೋ ತಮ್ಮಾ, ಖಾಲಿ ಇದ್ದಾಗ ಬಾಡಿಗೆ ಹೊಡೆಯಬಹುದು. ಎಪಿಎಂಸಿಯಿಂದ ಈರುಳ್ಳಿ, ಮೆಣಸಿನಕಾಯಿ ಲೋಡ್ ಯಾವಾಗಲೂ ಸಿಗುತ್ತದೆ.

ಕೌಲ್‌ಬಜಾರ್ ಅಕ್ಕ:

ಮೆಣಸಿನಕಾಯಿ ಹೊತ್ತ ಗಾಡಿಯಲ್ಲಿ ಬಿಸ್ಕತ್ತು ಹಾಕಿಕೊಂಡು ಹೋದರೆ ಬ್ಯಾಡಗಿ ಫ್ಲೇವರ್ ಬಿಸ್ಕತ್ತು ಅಂತ ಮಾರಬೇಕಾಗುತ್ತದೆ ಅಷ್ಟೇ. ತಮಾಷೆ ಅಲ್ಲ, ಬಿಸ್ಕತ್ತು ವಾಸನೆ ಹೀರುತ್ತದೆ. ಮನೆಯಲ್ಲೂ ಸೋಪು, ಊದಿನಕಡ್ಡಿ, ಫಿನಾಯಿಲ್ ಜೊತೆ ಒಂದೇ ಕೋಣೆಯಲ್ಲಿ ಇಡಬೇಡಿ. ನೆಲಕ್ಕೆ ಮರದ ಹಲಗೆ ಹಾಕಿ ಅದರ ಮೇಲೆ ಇಡಿ, ಗೋಡೆಗೆ ತಾಗಿಸಬೇಡಿ. ಗೋಡೆ ಸಂದಿಯಲ್ಲಿ ಕೈ ಆಡುವಷ್ಟು ಜಾಗ ಇದ್ದರೆ ಇಲಿ ಬಂದಿದ್ದು ಗೊತ್ತಾಗುತ್ತದೆ. ತಗಡಿನ ಶೆಡ್ ಅಂತೂ ಬೇಡವೇ ಬೇಡ. ಬಂದ ಬಾಕ್ಸ್ ಮೇಲೆ ಎಕ್ಸ್‌ಪೈರಿ ತಿಂಗಳನ್ನು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದು, ಬರಹ ಎದುರಿಗೆ ಕಾಣುವ ಹಾಗೆ ಇಡಿ.

ನಾನು ಹೋಲ್‌ಸೇಲ್ ಕಡೆಯವಳು, ಗಾಡಿ ಲೋಡ್ ನೋಡಿ ನೋಡಿ ಸಾಕಾಗಿದೆ. ಚಿಪ್ಸ್ ಜಾಗ ತಿನ್ನುತ್ತದೆ, ಬಾಟಲಿ ಟೈರ್ ತಿನ್ನುತ್ತದೆ. ಅರ್ಧ ಲೀಟರಿನ 24 ಬಾಟಲಿಯ ಒಂದು ಕೇಸ್ 12 ಕೆಜಿಗೆ ಮೇಲೆ. ಹತ್ತು ಕೇಸ್ ಹಾಕಿದರೆ ಇಬ್ಬರು ಜನ ಕೂತ ಹಾಗೆ, ಅದೂ ಹಿಂದಿನ ಆಕ್ಸಲ್ ಮೇಲೆ. ಓಮ್ನಿಯಲ್ಲಿ ಚಿಪ್ಸ್, ಬಿಸ್ಕತ್ತು ಆರಾಮಾಗಿ ಹೋಗುತ್ತದೆ, ನಿಮಗೆ ಗಾಡಿ ಬೇಕು ಅನ್ನಿಸುತ್ತಿರೋದು ನೀರು ಮತ್ತು ಕೂಲ್‌ಡ್ರಿಂಕ್ಸ್‌ನಿಂದ. ಅದನ್ನು ನೀವು ಹೊರಲೇಬೇಡಿ. ಡಿಸ್ಟ್ರಿಬ್ಯೂಟರ್ ಲೈನ್ ಗಾಡಿ ಹೇಗೂ ಕುಡಿತಿನಿ, ತೋರಣಗಲ್ಲು ಅಂಗಡಿಗಳಿಗೆ ಹೋಗುತ್ತದೆ. ಗಿಣಿಗೇರಾಕ್ಕೆ ಕೊಪ್ಪಳದ ಡಿಸ್ಟ್ರಿಬ್ಯೂಟರ್ ಬೇರೆ ಇರುತ್ತಾರೆ, ಅವರ ಹತ್ತಿರವೇ ಖಾತೆ ತೆರೆಯಿರಿ. ಫ್ಯಾಕ್ಟರಿಯವರನ್ನು ಕೇಳಿ ಮಷಿನ್ ಪಕ್ಕ ಒಂದು ಕಬ್ಬಿಣದ ಬೀರು ಇಟ್ಟುಬಿಡಿ, ಬಾಟಲಿ ಕೇಸ್ ಅಲ್ಲೇ ಇಳಿಯಲಿ. ನೀವು ಹಗುರ ಮಾಲು ತಗೊಂಡು ಹೋಗಿ, ಬೀರು ತೆರೆದು ಬಾಟಲಿ ತುಂಬಿ ಬನ್ನಿ.

ಗೇಟ್ ವಿಷಯ. ಫ್ಯಾಕ್ಟರಿಯಲ್ಲಿ ಒಳಗೆ ಹೋಗುವ ಮಾಲಿಗೆ ಪಟ್ಟಿ ಕೇಳುತ್ತಾರೆ. ರಾತ್ರಿ ಕ್ರೇಟ್ ತುಂಬುವಾಗ ಮಾಡಿದ ಲೆಕ್ಕವನ್ನೇ ಎರಡು ಪ್ರತಿ ಬರೆದು, ಒಂದನ್ನು ಕ್ರೇಟ್ ಮೇಲೆ ಅಂಟಿಸಿ, ಇನ್ನೊಂದನ್ನು ಗೇಟಿನಲ್ಲಿ ಕೊಡಿ. ಸೆಕ್ಯುರಿಟಿಯವನು ಮೇಲಿನ ಕ್ರೇಟ್ ಒಂದನ್ನು ತೆಗೆದು ಚಿಪ್ಸ್ ಎಣಿಸುತ್ತಾನೆ. ಪಟ್ಟಿಗೆ ಕೂಡಿದರೆ ಉಳಿದದ್ದನ್ನು ಮುಟ್ಟದೇ ಬಿಡುತ್ತಾನೆ. ಕೂಡಲಿಲ್ಲ ಅಂದರೆ ಎಲ್ಲವನ್ನೂ ನೆಲಕ್ಕೆ ಸುರಿಸುತ್ತಾನೆ, ಆಮೇಲೆ ರಾಯಚೂರಿನವರು ಹೇಳಿದ ಚಾಕಲೇಟಿನ ಕಥೆ.

ಇನ್ನು ದರ. ಒಂದು ಸ್ಪ್ರಿಂಗ್‌ಗೆ ಒಂದೇ ದರ ಅಲ್ವಾ? ಪ್ಯಾಕೆಟ್ ಮೇಲಿನ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ಕಾನೂನು ಪ್ರಕಾರ ತಪ್ಪು, ಮಷಿನ್ ತಗೊಂಡಿದ್ದು, ನಾನಲ್ಲ ಅಂದರೆ ಯಾರೂ ಒಪ್ಪುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕಲೇಟಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಾಗ ಕೆಲವು ಪ್ಯಾಕೆಟ್‌ಗಳ ದರ ಇಳಿಯಿತು, ಕೆಲವು ಅದೇ ದರದಲ್ಲಿ ತೂಕ ಏರಿಸಿಕೊಂಡು ಬಂದವು. ಇಂಥ ಹೊತ್ತಲ್ಲಿ ಹಳೆ ಬಾಕ್ಸ್, ಹೊಸ ಬಾಕ್ಸ್ ಕಲಸಬಾರದು. ಹಳೆ ದರದ್ದು ಒಂದು ಮಷಿನ್‌ಗೆ ಕೊಟ್ಟು ಮುಗಿಸಿ, ಆಮೇಲೆ ಹೊಸದು. ತೂಕ ಏರಿದ ಪ್ಯಾಕೆಟ್ ದಪ್ಪವೂ ಆಗಿರುತ್ತದೆ, ಸ್ಪ್ರಿಂಗ್‌ಗೆ ಕೂರುತ್ತದಾ ಅಂತ ಒಂದು ಹಾಕಿ ತಿರುಗಿಸಿ ನೋಡಿ, ಆಮೇಲೆ ಸಾಲು ತುಂಬಿ.

ಗೂಡ್ಸ್ ಗಾಡಿ:

ಆಯ್ತು ಅಕ್ಕ, ಮೆಣಸಿನಕಾಯಿ ವಾಪಸ್ ತಗೊಂಡೆ. ಆದರೆ ಮಷಿನ್ ಹತ್ತು ದಾಟಿದರೆ ಏಸ್ ಬೇಕೇ ಬೇಕು ಅನ್ನೋದು ನನ್ನ ಮಾತು.

ಮುನಿರಾಬಾದ್ ಮೀನು:

ಹತ್ತಾದಾಗ ನೋಡೋಣ. ಐದಕ್ಕೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಡ್ರೈವರ್ ಅಂತ ಯಾಕೆ ಮೈಮೇಲೆ ಎಳೆದುಕೊಳ್ಳೋದು? ಜಾಸ್ತಿ ಮಾಲು ಇದ್ದ ದಿನ ಒಂದು ಲಗೇಜ್ ಆಟೋ ಮಾತಾಡಿಕೊಂಡರೆ ಆಯ್ತು.

ಕೋಟೆಗುಡ್ಡದ ಹುಡುಗ:

ಅಕ್ಕ, ಸರ್, ಎಲ್ಲರಿಗೂ ಥ್ಯಾಂಕ್ಸ್. ಬೀರು ವಿಷಯ ಹೊಳೆದೇ ಇರಲಿಲ್ಲ. ತೋರಣಗಲ್ಲಿನವರನ್ನು ಕೇಳಿದೆ, ಕ್ಯಾಂಟೀನ್ ಹಿಂದಿನ ಮೂಲೆಯಲ್ಲಿ ಜಾಗ ಕೊಡುತ್ತಾರಂತೆ. ಇನ್ನೊಂದು ಅನುಮಾನ. ಆ ಮಷಿನ್‌ನಲ್ಲಿ ಬೆಳಿಗ್ಗೆ ವ್ಯಾಪಾರವೇ ಇಲ್ಲ, ಗೇಟ್ ಹೊರಗೆ ಒಗ್ಗರಣೆ ಮಿರ್ಚಿ ಬಂಡಿ ನಿಲ್ಲುತ್ತದೆ, ಎಲ್ಲರೂ ಅಲ್ಲೇ. ಸಂಜೆಯ ಮೇಲೆ ಒಮ್ಮೆಲೇ ಖಾಲಿ. ಹಾಗಾದರೆ ನಾನು ಯಾವಾಗ ತುಂಬಬೇಕು? ಮತ್ತೆ ಬೀರು ಕೀಲಿ ಯಾರ ಹತ್ತಿರ ಇರಬೇಕು?

ರಾಯಚೂರು ಬಿಸಿಲು:

ಒಗ್ಗರಣೆ ಮಿರ್ಚಿ ಜೊತೆ ಪೈಪೋಟಿ ಮಾಡಿ ಗೆದ್ದ ಮಷಿನ್ ಈ ಮೂರೂ ಜಿಲ್ಲೆಯಲ್ಲಿ ಇನ್ನೂ ಬಂದಿಲ್ಲ, ಅದನ್ನು ಬಿಡಿ. ನಿಮಗೆ ಅನುಕೂಲವೇ ಆಯ್ತಲ್ಲ. ಬೆಳಿಗ್ಗೆ ಚಾಕಲೇಟು ಡಬ್ಬಿ ಊರೊಳಗಿನ ಮಷಿನ್‌ಗಳಿಗೆ, ಇಳಿಹೊತ್ತಿಗೆ ಓಮ್ನಿ ತೋರಣಗಲ್ಲಿಗೆ. ಪಾಳಿ ಬದಲಾಗುವ ಮುಂಚೆ ಮುಗಿಸಿ, ಬದಲಾಗುವಾಗ ಹೋದರೆ ಬಾಗಿಲು ತೆರೆಯಲಿಕ್ಕೇ ಬಿಡುವುದಿಲ್ಲ.

ಕೌಲ್‌ಬಜಾರ್ ಅಕ್ಕ:

ಕೀಲಿ ಒಂದು ನಿಮ್ಮ ಹತ್ತಿರ, ಒಂದು ಕ್ಯಾಂಟೀನ್ ಮ್ಯಾನೇಜರ್ ಹತ್ತಿರ. ಲೈನ್ ಗಾಡಿಯವನ ಹತ್ತಿರ ಬೇಡ. ಅವನು ಕೇಸ್ ಇಳಿಸುವಾಗ ಮ್ಯಾನೇಜರ್ ತೆರೆದು, ಎಣಿಸಿ, ಬಿಲ್ ಹಿಂದೆ ಸಹಿ ಹಾಕಿ ನಿಮಗೆ ಫೋಟೊ ಕಳಿಸಲಿ. ಬೀರು ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ, ಬಂದಿದ್ದು ಒಂದು ಕಡೆ, ತೆಗೆದಿದ್ದು ಇನ್ನೊಂದು ಕಡೆ. ಆ ಮ್ಯಾನೇಜರ್‌ಗೆ ಆಗಾಗ ಒಂದು ತಣ್ಣನೆಯ ಮಜ್ಜಿಗೆ ಕೊಡಿ. ಕೈಯಲ್ಲಲ್ಲ, ನೀವೇ ಯುಪಿಐ ಮಾಡಿ ಮಷಿನ್‌ನಿಂದ ತೆಗೆದು ಕೊಡಿ, ಲೆಕ್ಕ ತಪ್ಪಬಾರದು.